ಎರಡು ನುಡಿ ಕೇಳುವ ಕೂಸಿಗೆ ಗೊಂದಲವೇ?

"ಚಿಕ್ಕ ಮಗುವಿನ ಹತ್ತಿರ ಒಂದೇ ಭಾಷೆಯಲ್ಲಿ ಮಾತಾಡಿ, ಎರಡಾದರೆ ಅದಕ್ಕೆ ಗೊಂದಲವಾಗುತ್ತದೆ, ಮಾತು ಬರುವುದೂ ತಡವಾಗುತ್ತದೆ" ಎಂದು ದೊಡ್ಡವರು ಹೇಳುವುದನ್ನು ನೀವು ಕೇಳಿರಬಹುದು. ಈ ಮಾತು ನಮ್ಮಲ್ಲಿ ಮಾತ್ರವಲ್ಲ, ಬೇರೆ ಎಷ್ಟೋ ದೇಶಗಳಲ್ಲೂ ಇದೆ. ಇದನ್ನು ನಂಬಿ, ತಮ್ಮ ಮನೆಮಾತನ್ನೇ ಮಗುವಿನ ಮುಂದೆ ಆಡದೆ ಬಿಟ್ಟ ತಂದೆ ತಾಯಿಯರಿದ್ದಾರೆ. ಈ ಸಲಹೆ ತಪ್ಪು ಎಂಬುದು ನನ್ನ ಅಭಿಪ್ರಾಯ. ಏಕೆಂದು ತಿಳಿಯಲು ಹಾಂಗ್‌ಕಾಂಗ್‌ಗೆ ಹೋಗಿ ಬರೋಣ.

ಹಾಂಗ್‌ಕಾಂಗ್ ಚೀನಾದ ದಕ್ಷಿಣ ತೀರದಲ್ಲಿದೆ. 1997ರವರೆಗೆ ಅದು ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಹಾಗಾಗಿ ಅಲ್ಲಿ ಇಂಗ್ಲಿಷ್ ಇಂದಿಗೂ ಬಳಕೆಯಲ್ಲಿದೆ. ಆದರೆ ಹೆಚ್ಚಿನ ಜನರ ಮನೆಮಾತು ಕ್ಯಾಂಟೊನೀಸ್. ನಾವು 'ಚೀನೀ ಭಾಷೆ' ಎಂದು ಒಂದೇ ಹೆಸರಿನಿಂದ ಕರೆದರೂ ಅದರಲ್ಲಿ ಹಲವು ನುಡಿಗಳಿವೆ. ಬೀಜಿಂಗ್ ಕಡೆಯ ಮ್ಯಾಂಡರಿನ್ ಮಾತ್ರ ಬಲ್ಲವರಿಗೆ ಕ್ಯಾಂಟೊನೀಸ್ ಅರ್ಥವಾಗುವುದಿಲ್ಲ.

ಈ ನುಡಿಗಳಲ್ಲೆಲ್ಲ ಒಂದು ಸೋಜಿಗವಿದೆ. 'ಊಟ' ಎಂಬ ಪದವನ್ನು ದನಿ ಏರಿಸಿ ಹೇಳಿದರೆ ಅದು ಪ್ರಶ್ನೆಯಾಗುತ್ತದೆ, ಇಳಿಸಿ ಹೇಳಿದರೆ ಉತ್ತರವಾಗುತ್ತದೆ. ಆದರೆ ಹೇಗೆ ಹೇಳಿದರೂ ಊಟ ಊಟವೇ ತಾನೆ? ಕ್ಯಾಂಟೊನೀಸಿನಲ್ಲಿ ಹಾಗಲ್ಲ. ಅಲ್ಲಿ ದನಿಯ ಏರಿಳಿತ ಬದಲಾದರೆ ಪದವೇ ಬದಲಾಗುತ್ತದೆ. 'ಸಿ' ಎಂಬ ಒಂದೇ ಉಚ್ಚಾರ ಆರು ಬಗೆಯ ದನಿಯಲ್ಲಿ ಕವಿತೆ, ಚರಿತ್ರೆ, ಪ್ರಯತ್ನಿಸು, ಸಮಯ, ಮಾರುಕಟ್ಟೆ, ಸಂಗತಿ ಎಂಬ ಆರು ಅರ್ಥ ಕೊಡುತ್ತದೆ! ದೊಡ್ಡವರಾದ ಮೇಲೆ ಇದನ್ನು ಕಲಿಯಹೊರಟವರು ಬೆವರುತ್ತಾರೆ. ಅಲ್ಲಿಯ ಮಕ್ಕಳೋ ಸುಮಾರು ಎರಡು ವರ್ಷವಾಗುವಷ್ಟರಲ್ಲಿ ಬಹುಮಟ್ಟಿಗೆ ಕಲಿತುಬಿಟ್ಟಿರುತ್ತಾರೆ.

ಈಗ ಅದೇ ಕೂಸು ಜೊತೆಯಲ್ಲೇ ಇಂಗ್ಲಿಷನ್ನೂ ಕೇಳುತ್ತಿದ್ದರೆ? ಹಾಂಗ್‌ಕಾಂಗ್‌ನ ಭಾಷಾವಿಜ್ಞಾನಿಗಳಾದ ವರ್ಜೀನಿಯಾ ಯಿಪ್ ಮತ್ತು ಸ್ಟೀಫನ್ ಮ್ಯಾಥ್ಯೂಸ್ ಗಂಡ ಹೆಂಡತಿ. ತಮ್ಮ ಮಕ್ಕಳೊಂದಿಗೆ ತಾಯಿ ಕ್ಯಾಂಟೊನೀಸಿನಲ್ಲಿ, ತಂದೆ ಇಂಗ್ಲಿಷಿನಲ್ಲಿ ಮಾತಾಡಿದರು. ಮಕ್ಕಳ ಮಾತುಗಳನ್ನು ವರ್ಷಗಟ್ಟಲೆ ಬರೆದಿಟ್ಟರು, ಧ್ವನಿಮುದ್ರಿಸಿದರು. ಬೇರೆ ಕೆಲವು ಮನೆಗಳ ಮಕ್ಕಳ ಮಾತನ್ನೂ ಸಂಗ್ರಹಿಸಿದರು. ಕಂಡದ್ದನ್ನೆಲ್ಲ ಸೇರಿಸಿ 2007ರಲ್ಲಿ 'ದಿ ಬೈಲಿಂಗ್ವಲ್ ಚೈಲ್ಡ್' ಎಂಬ ಪುಸ್ತಕ ತಂದರು. ಅಪ್ಪ ಅಮ್ಮ ಇಬ್ಬರೂ ವಿಜ್ಞಾನಿಗಳಾದರೆ ಮಕ್ಕಳ ತೊದಲು ಮಾತೂ ಸಂಶೋಧನೆಯಾಗುತ್ತದೆ, ನೋಡಿ!

ಅವರಿಗೆ ಕಂಡದ್ದೇನು? ಮಕ್ಕಳು ಎರಡೂ ಭಾಷೆ ಕಲಿತರು. ಆದರೆ ಆರಂಭದಲ್ಲಿ ಕೆಲವು ಮಕ್ಕಳ ಇಂಗ್ಲಿಷಿನಲ್ಲಿ ಕ್ಯಾಂಟೊನೀಸಿನ ಜಾಡು ಕಾಣುತ್ತಿತ್ತು. ಇದು ಕನ್ನಡಿಗರಾದ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ನಾವು 'ಇದು ಹಣ್ಣು' ಎನ್ನುತ್ತೇವೆ. 'ಹಣ್ಣು' ಇದ್ದ ಜಾಗದಲ್ಲೇ 'ಏನು' ಇಟ್ಟು 'ಇದು ಏನು?' ಎಂದು ಕೇಳುತ್ತೇವೆ. ಕ್ಯಾಂಟೊನೀಸಿನಲ್ಲೂ ಹೀಗೆಯೇ. ಇಂಗ್ಲಿಷಿನಲ್ಲಿ ಮಾತ್ರ 'ವಾಟ್' ಎಂಬ ಪದ ಹಾರಿ ವಾಕ್ಯದ ಮೊದಲಿಗೆ ಬರುತ್ತದೆ. ಆ ಮಕ್ಕಳು ಇಂಗ್ಲಿಷ್ ಆಡುವಾಗಲೂ 'ವಾಟ್' ಪದವನ್ನು ಕೊನೆಯಲ್ಲೇ ಉಳಿಸಿ ಕೇಳುತ್ತಿದ್ದರು. ಇನ್ನೊಂದು ನೋಡಿ. ನಾವು 'ಅಪ್ಪ ತಂದ ಪುಸ್ತಕ' ಎನ್ನುತ್ತೇವೆ, ಪುಸ್ತಕ ಕೊನೆಗೆ ಬರುತ್ತದೆ. ಕ್ಯಾಂಟೊನೀಸಿನಲ್ಲೂ ಕೊನೆಗೇ. ಇಂಗ್ಲಿಷಿನಲ್ಲಿ ಮೊದಲು ಪುಸ್ತಕ, ಆಮೇಲೆ ಅಪ್ಪ ತಂದದ್ದು. ಆ ಮಕ್ಕಳು ಇಂಗ್ಲಿಷ್ ಪದಗಳನ್ನೇ ಬಳಸಿ, ಕ್ಯಾಂಟೊನೀಸಿನ ಕ್ರಮದಲ್ಲಿ ಜೋಡಿಸಿದರು.

ಇದನ್ನು ಕೇಳಿದವರು "ನೋಡಿ, ಮಗುವಿಗೆ ಗೊಂದಲವಾಗಿದೆ" ಎಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಗೊಂದಲವಾಗಿದ್ದರೆ ಪದಗಳು ದಿನಕ್ಕೊಂದು ಬಗೆಯಲ್ಲಿ ಚೆಲ್ಲಾಪಿಲ್ಲಿಯಾಗಬೇಕಿತ್ತು. ಇಲ್ಲಿ ಹಾಗಾಗಿಲ್ಲ. ಅಪ್ಪ ಹಾಗೆ ಮಾತಾಡುತ್ತಿರಲಿಲ್ಲ, ಯಾರೂ ಹೇಳಿಕೊಡಲಿಲ್ಲ. ಮಗು ತಾನು ಹೆಚ್ಚು ಕೇಳಿದ ಭಾಷೆಯಿಂದ ಒಂದು ನಿಯಮ ಕಂಡುಕೊಂಡು, ಅದನ್ನು ಇನ್ನೊಂದು ಭಾಷೆಯಲ್ಲಿ ಪ್ರಯೋಗಿಸಿ ನೋಡುತ್ತಿದೆ. ಗಣಿತದಲ್ಲಿ ಗೊತ್ತಿರುವ ಸೂತ್ರವನ್ನು ಹೊಸ ಲೆಕ್ಕಕ್ಕೆ ಹಾಕಿ ನೋಡುವ ಹಾಗೆ. ಇಂಗ್ಲಿಷನ್ನು ಇನ್ನಷ್ಟು ಕೇಳುತ್ತ ಬೆಳೆದಂತೆ ಈ ಜೋಡಣೆಗಳು ತಾವಾಗಿಯೇ ಮರೆಯಾದವು.

ಇನ್ನೂ ಒಂದು ವಿಷಯ. ಎರಡು ಭಾಷೆಯ ಮಗುವಿಗೆ ಒಂದೊಂದು ಭಾಷೆಯಲ್ಲೂ ಸ್ವಲ್ಪ ಕಡಿಮೆ ಪದಗಳು ಗೊತ್ತಿರಬಹುದು. ಎರಡನ್ನೂ ಕೂಡಿಸಿ ಎಣಿಸಿದರೆ ಅದು ಒಂದು ಭಾಷೆಯ ಮಗುವಿಗಿಂತ ಹಿಂದೆ ಬಿದ್ದಿರುವುದಿಲ್ಲ. ಒಂದು ಜೇಬನ್ನು ಮಾತ್ರ ತಡಕಿ ಮಗು ಬಡವ ಎಂದರೆ ಹೇಗೆ?

ಹಾಗಾದರೆ ಏನೂ ಮಾಡದೆ ಎರಡು ಭಾಷೆ ಬಂದುಬಿಡುತ್ತವೆಯೇ? ಇಲ್ಲ. ಮಗುವಿನ ಕಿವಿಗೆ ಭಾಷೆ ಬೀಳಬೇಕು, ಅದೂ ಬೇಗ. 1984ರಲ್ಲಿ ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಪ್ರಯೋಗದಲ್ಲಿ ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ 'ಟ' ಮತ್ತು 'ತ' ಕೇಳಿಸಿದ್ದರು. ಆರರಿಂದ ಎಂಟು ತಿಂಗಳ ಶಿಶುಗಳು ಇವೆರಡರ ವ್ಯತ್ಯಾಸ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಿನವುಗಳಲ್ಲಿ ಗುರುತಿಸಿದವು ತೀರ ಕಡಿಮೆ. ಕೇಳದ ಧ್ವನಿಗಳಿಗೆ ಕಿವಿ ಮೆಲ್ಲಗೆ ಮುಚ್ಚಿಕೊಳ್ಳತೊಡಗುತ್ತದೆ.

ಹಾಗೆಂದು ಟಿವಿ ಹಾಕಿ ಮಗುವನ್ನು ಅದರ ಮುಂದೆ ಕೂರಿಸಿದರೆ ಆಗದು. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿತು. ಇಂಗ್ಲಿಷ್ ಮಾತ್ರ ಕೇಳಿದ್ದ ಒಂಬತ್ತು ತಿಂಗಳ ಶಿಶುಗಳ ಎದುರು ಮ್ಯಾಂಡರಿನ್ ಬಲ್ಲವರು ಕುಳಿತು ಆಟವಾಡಿಸುತ್ತ, ಪುಸ್ತಕ ಓದುತ್ತ ಮಾತಾಡಿದರು. ಸುಮಾರು 25 ನಿಮಿಷದಂತೆ 12 ಬಾರಿ, ಅಷ್ಟೇ. ಆ ಶಿಶುಗಳು ಮ್ಯಾಂಡರಿನ್ ಧ್ವನಿಗಳನ್ನು ತೈವಾನಿನ ಶಿಶುಗಳಷ್ಟೇ ಚೆನ್ನಾಗಿ ಗುರುತಿಸಿದವು. ಇನ್ನೊಂದು ಗುಂಪಿಗೆ ಅದೇ ಜನರ ಅದೇ ಮಾತನ್ನು ಟಿವಿಯಲ್ಲಿ ತೋರಿಸಲಾಯಿತು. ಆ ಗುಂಪು ಏನನ್ನೂ ಕಲಿಯಲಿಲ್ಲ. ಮಗುವಿಗೆ ಬೇಕಾದದ್ದು ಎದುರಿಗಿರುವ ಮನುಷ್ಯರ ಮುಖ ಮತ್ತು ಮಾತು.

ಮಾತು ನಿಂತರೆ ಏನಾಗುತ್ತದೆ ಎಂಬುದಕ್ಕೆ ಸಿಂಗಪುರವನ್ನು ನೋಡಿ. ಅಲ್ಲಿಯ ಚೀನೀ ಮೂಲದವರು ಹೊಕ್ಕಿಯೆನ್, ಟಿಯೋಚ್ಯೂ, ಕ್ಯಾಂಟೊನೀಸ್ ಮುಂತಾದ ನುಡಿಗಳನ್ನಾಡುತ್ತಿದ್ದರು. ಎಲ್ಲರಿಗೂ ಒಂದು ಸಾಮಾನ್ಯ ಭಾಷೆ ಇರಲಿ ಎಂದು ಸರ್ಕಾರ 1979ರಲ್ಲಿ ಮ್ಯಾಂಡರಿನ್ ಮಾತಾಡುವ ಚಳವಳಿ ಆರಂಭಿಸಿತು. ಉದ್ದೇಶ ಕೆಟ್ಟದ್ದೇನಲ್ಲ. ಆದರೆ ಇಂಗ್ಲಿಷ್, ಮ್ಯಾಂಡರಿನ್ ಜೊತೆಗೆ ಮನೆಯ ನುಡಿಯೂ ಸೇರಿದರೆ ಮಕ್ಕಳಿಗೆ ಹೊರೆ ಎಂದು ಅಂದಿನ ಪ್ರಧಾನಿ ಲೀ ಕ್ವಾನ್ ಯೂ ವಾದಿಸಿದರು. ಜನರು ಆ ನುಡಿಗಳನ್ನು ಬಿಡುತ್ತ ಬಂದರು. 2010ರ ಜನಗಣತಿಯಲ್ಲಿ ಶೇಕಡ 14.3 ಜನರು ಮನೆಯಲ್ಲಿ ಹೆಚ್ಚಾಗಿ ಅವನ್ನು ಆಡುತ್ತಿದ್ದರು. 2020ಕ್ಕೆ ಅದು ಶೇಕಡ 8.7ಕ್ಕೆ ಇಳಿಯಿತು. ಒಂದೇ ಮನೆಯಲ್ಲಿದ್ದೂ ಅಜ್ಜಿಯ ಕಥೆ ಮೊಮ್ಮಗುವಿಗೆ ಅರ್ಥವಾಗದ ಸ್ಥಿತಿ ಎಷ್ಟೋ ಕುಟುಂಬಗಳಿಗೆ ಬಂತು. ಹೊರೆ ಎಂದು ಇಳಿಸಿದ್ದು ಅಜ್ಜಿಯ ಮಾತನ್ನೇ.

ನಿಮ್ಮ ತರಗತಿಯಲ್ಲೂ ಮನೆಯಲ್ಲಿ ತುಳು, ಉರ್ದು, ಕೊಂಕಣಿ, ಲಂಬಾಣಿ, ತೆಲುಗು, ಮರಾಠಿ ಆಡುವ ಗೆಳೆಯರಿರಬಹುದು. ಅವರ ಮನೆಯಲ್ಲಿ ಎರಡು ಭಾಷೆ ಕೇಳುವ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ನೀವೂ ಯಿಪ್ ಮತ್ತು ಮ್ಯಾಥ್ಯೂಸ್ ಅವರಂತೆ ಒಂದು ನೋಟ್‌ಬುಕ್ ಇಡಬಹುದು. ಮಗುವಿನ ವಯಸ್ಸು, ದಿನಾಂಕ, ಅದು ಯಾರೊಂದಿಗೆ ಯಾವ ಭಾಷೆಯಲ್ಲಿ ಮಾತಾಡಿತು, ಯಾವ ಪದವನ್ನು ಎಲ್ಲಿ ಸೇರಿಸಿತು ಎಂಬುದನ್ನು ಬರೆಯಿರಿ. ಮಗು ಹೇಳಿದ್ದನ್ನು ತಿದ್ದದೆ, ಹೇಳಿದ ಹಾಗೆಯೇ ಬರೆಯಿರಿ. ಮೂರು ತಿಂಗಳಾದ ಮೇಲೆ ಮೊದಲ ಪುಟ ತೆರೆದು, ಅದರಲ್ಲಿನ ಎಷ್ಟು ಜೋಡಣೆಗಳು ಇನ್ನೂ ಉಳಿದಿವೆ ಎಂದು ಎಣಿಸಿ ನೋಡಿ.