ಮೊಟ್ಟೆ ತಿನ್ನೋರನ್ನ ಯಾರಾದ್ರೂ ಕೇಳಿದ್ರಾ?

2021ರ ಡಿಸೆಂಬರ್‌ನಲ್ಲಿ ನಮ್ಮ ಬಳ್ಳಾರಿಯೂ ಸೇರಿದಂತೆ ಏಳು ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದರು. ತಿನ್ನದವರಿಗೆ ಬಾಳೆಹಣ್ಣು. ಅಷ್ಟಕ್ಕೇ ಕೆಲವು ಮಠಾಧೀಶರು ಹೋರಾಟದ ಎಚ್ಚರಿಕೆ ಕೊಟ್ಟರು. ಸ್ವಾಮೀಜಿಗಳು ಮಾತಾಡಿದರು, ಮಂತ್ರಿಗಳು ಮಾತಾಡಿದರು, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತ ನಾವೂ ವಾಟ್ಸಾಪ್‌ನಲ್ಲಿ ಪ್ರೋಟೀನ್ ಬಗ್ಗೆ ಭಾಷಣ ಬಿಗಿದೆವು. ನಮ್ಮ ಮಕ್ಕಳೇನೂ ಆ ಶಾಲೆಗೆ ಹೋಗೋದಿಲ್ಲ ಬಿಡಿ.

ಕಂಪ್ಲಿಯಿಂದ ಹೊಳೆ ದಾಟಿದರೆ ಗಂಗಾವತಿ. ಅಲ್ಲಿನ ಒಬ್ಬ ಶಾಲಾ ಹುಡುಗಿ ಮೈಕ್ ಹಿಡಿದು, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅಂದಳು. ವಿಡಿಯೋ ರಾಜ್ಯವೆಲ್ಲ ಓಡಾಡಿತು. ಅಷ್ಟು ದಿನದ ಗದ್ದಲದಲ್ಲಿ ಆ ತಟ್ಟೆ ಮುಂದೆ ಕೂರುವವರ ದನಿ ಕೇಳಿಸಿದ್ದು ಆಗ. ನಮ್ಮಲ್ಲಿ ಹುಡುಗಿ ಬಾಯಿಬಿಟ್ಟರೆ ಮೊದಲ ಪ್ರಶ್ನೆ ಗೊತ್ತಲ್ಲ: ‘ಯಾರು ಹೇಳಿಕೊಟ್ಟಿದ್ದು ಇದನ್ನ?’ ಸ್ವಾಮೀಜಿಗೆ ಯಾರು ಹೇಳಿಕೊಟ್ಟರು ಅಂತ ಯಾರೂ ಕೇಳೋದಿಲ್ಲ. ಅವರದು ಅಭಿಪ್ರಾಯ, ಇವಳದು ಗಿಣಿಪಾಠ!

ಬಾಳೆಹಣ್ಣು ಸಾಕಲ್ಲ ಅನ್ನೋರು ಒಮ್ಮೆ ಕಂಪ್ಲಿಗೆ ಬನ್ರಿ. ಕಾಲುವೆ ನೀರು ಹರಿಯುವ ಕಡೆಯೆಲ್ಲ ಬಾಳೆ ತೋಟ ಐತಿ. ಆ ತೋಟಗಳಿಗೆ ಕೂಲಿಗೆ ಹೋಗುವ ತಾಯಂದಿರಿಗೆ ಬಾಳೆಹಣ್ಣಿನ ಮಹಿಮೆ ಬೆಂಗಳೂರಿನವರು ಹೇಳಬೇಕಾಗಿಲ್ಲ.

ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗದ ಮಕ್ಕಳನ್ನೂ ತೂಗಿ ನೋಡಿದ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಅದರಲ್ಲೂ ಎಂಟನೇ ತರಗತಿಯ ಹುಡುಗಿಯರದು ಎದ್ದುಕಾಣುವಷ್ಟು. ತಮಾಷೆ ನೋಡಿ, ಅದೇ ವರ್ಷ ರಾಷ್ಟ್ರೀಯ ಶಿಕ್ಷಣ ನೀತಿಗೆಂದು ರಾಜ್ಯದಲ್ಲಿ ತಯಾರಾದ ಪೊಸಿಷನ್ ಪೇಪರ್ ಒಂದು ಮಕ್ಕಳಿಗೆ ಮೊಟ್ಟೆ ಒಳ್ಳೆಯದಲ್ಲ ಅಂದಿತು. ತಕ್ಕಡಿ ಒಂದು ಹೇಳಿದರೆ ತಜ್ಞರು ಇನ್ನೊಂದು. ಆ ಕಾಗದಕ್ಕೆ ‘ನೀತಿ’ ಅನ್ನೋ ಮರ್ಯಾದೆ. ಗಂಗಾವತಿಯ ಹುಡುಗಿಯದು ‘ವೈರಲ್ ವಿಡಿಯೋ’, ಅಷ್ಟೇ.

ಅಡುಗೆ ಮಾಡುವವರ ಮಾತು ಎತ್ತಲೇ ಬೇಡಿ ಅನ್ನೋ ಹಾಗಿತ್ತು ಆ ಚರ್ಚೆ. ಬಿಸಿಯೂಟದ ಅಡುಗೆಯವರು ಬಹುತೇಕ ಹೆಂಗಸರು. ಕೇಂದ್ರದ ಲೆಕ್ಕದಲ್ಲಿ ಅವರಿಗೆ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು ಮಾತ್ರ. 2009ರಲ್ಲಿ ನಿಗದಿಯಾದ ಮೊತ್ತ ಮೊಟ್ಟೆ ಜಗಳದ ಹೊತ್ತಿಗೂ ಅಷ್ಟೇ ಇತ್ತು. ರಾಜ್ಯ ತನ್ನ ಪಾಲು ಸೇರಿಸುತ್ತದೆ, ಸರಿ. ಆದರೂ ಅದನ್ನು ಸಂಬಳ ಅನ್ನೋದಿಲ್ಲ, ‘ಗೌರವಧನ’. ಯಾವ ಮಗು ಅನ್ನ ಬಿಡುತ್ತೆ, ಯಾವುದು ಬೆಳಿಗ್ಗೆ ಏನೂ ತಿನ್ನದೆ ಬರುತ್ತೆ ಅಂತ ಇವರಿಗೆ ಗೊತ್ತಿರುವಷ್ಟು ಯಾವ ಸಮಿತಿಗೂ ಗೊತ್ತಿರೋದಿಲ್ಲ. ಸಮಿತಿಯಲ್ಲಿ ಇವರಿಗೆ ಕುರ್ಚಿ ಮಾತ್ರ ಇಲ್ಲ. ಯೋಜನೆಯ ಹೆಸರು ನೋಡಿದರೆ ‘ಅಕ್ಷರ ದಾಸೋಹ’.

2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡೂ ಸೇರಿ ಮೊಟ್ಟೆ ವಾರಕ್ಕೆ ಆರು ದಿನ ಆಗಿದೆ. ಒಳ್ಳೆಯದೇ ಆಯಿತು. ಬೇಯಿಸಿ, ಸಿಪ್ಪೆ ಸುಲಿದು, ಬಡಿಸಿ, ಪಾತ್ರೆ ತಿಕ್ಕುವವರು ಅದೇ ಹೆಂಗಸರು.