ಕಟ್ಟುವುದೋ, ಕೊಳ್ಳುವುದೋ?

ವಿದ್ಯುತ್ ಗಿಟಾರನ್ನು ನುಡಿಸಬೇಕೆಂಬ ಹಂಬಲ ಹುಟ್ಟಿದ ತರುಣನಿಗೆ ಉಳಿ, ಗರಗಸಗಳ ಪರಿಚಯವೂ ಸ್ವಲ್ಪ ಇದ್ದುದಾದರೆ, ಒಂದಲ್ಲ ಒಂದು ದಿನ ಒಂದು ಪ್ರಶ್ನೆ ಎದುರಾಗದೆ ಇರದು. ವಾದ್ಯದ ಒಡಲನ್ನು ತಾನೇ ಮರದಲ್ಲಿ ಕೊರೆದುಕೊಳ್ಳಬೇಕೋ, ಸಿದ್ಧವಾದುದನ್ನು ಅಂಗಡಿಯಿಂದ ಕೊಂಡು ತರಬೇಕೋ? ಮೇಲ್ನೋಟಕ್ಕೆ ಇದು ಹಣದ ಪ್ರಶ್ನೆ. ಆದರೆ ಈ ವಾದ್ಯದ ಚರಿತ್ರೆಯನ್ನು ನೋಡಿದವರಿಗೆ, ಹಣವು ಇದರಲ್ಲಿ ಅತ್ಯಂತ ಚಿಕ್ಕ ಭಾಗವೆಂಬುದು ವೇದ್ಯವಾಗುತ್ತದೆ.

ವೀಣೆಯ ಕೊಡವನ್ನು ಹಲಸಿನ ಮರದಲ್ಲಿ ತೋಡಿ ಟೊಳ್ಳು ಮಾಡದಿದ್ದರೆ ನಾದ ತುಂಬಿ ಬರುವುದಿಲ್ಲ. ವಿದ್ಯುತ್ ಗಿಟಾರಿನ ಧರ್ಮವೇ ಬೇರೆ. ಉಕ್ಕಿನ ತಂತಿ ಕಂಪಿಸಿದಾಗ, ಅದರ ಕೆಳಗೆ ಆಯಸ್ಕಾಂತದ ಸುತ್ತ ಸುತ್ತಿರುವ ತಾಮ್ರದ ಸುರುಳಿಯಲ್ಲಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಆ ಸುರುಳಿಗೆ ಪಿಕಪ್ ಎಂದು ಹೆಸರು. ಅದು ಕಳುಹಿಸಿದುದನ್ನು ಹಿಗ್ಗಿಸಿ ಕೇಳಿಸುವುದು ಧ್ವನಿವರ್ಧಕದ ಕೆಲಸ. ಹೀಗಿರುವಾಗ ಒಡಲು ಟೊಳ್ಳಾಗಿರಬೇಕೆಂಬ ನಿಯಮವಿಲ್ಲ. ಅಮೆರಿಕದ ಲೆಸ್ ಪಾಲ್ ಅವರು 1940ರ ಸುಮಾರಿಗೆ ನ್ಯೂಯಾರ್ಕಿನ ಒಂದು ಗಿಟಾರ್ ಕಾರ್ಖಾನೆಯಲ್ಲಿ, ರಜಾದಿನಗಳಂದು ಕುಳಿತು, 4 ಅಂಗುಲದ ಚಚ್ಚೌಕ ಪೈನ್ ಮರದ ತೊಲೆಯೊಂದಕ್ಕೇ ತಂತಿ ಬಿಗಿದು ಇದನ್ನು ಸಿದ್ಧಪಡಿಸಿ ತೋರಿಸಿದರು. ಬರಿಯ ತೊಲೆಯನ್ನು ಹಿಡಿದು ನುಡಿಸಿದಾಗ ಜನ ಒಲಿಯಲಿಲ್ಲವೆಂದೂ, ಹಳೆಯ ಗಿಟಾರೊಂದನ್ನು ಸೀಳಿ ಅದರ ಎರಡು ಪಕ್ಕಗಳನ್ನು ತೊಲೆಗೆ ಅಂಟಿಸಿದ ಮೇಲೆ ಮೆಚ್ಚಿದರೆಂದೂ ಅವರೇ ಹೇಳುತ್ತಿದ್ದರು. ರೂಪ ಕಣ್ಣಿನ ತೃಪ್ತಿಗೆ. ನಾದಕ್ಕೆ ತೊಲೆಯೇ ಸಾಕಾಗಿತ್ತು.

ಹಾಗಾದರೆ ಕಷ್ಟವೆಲ್ಲಿದೆ? ಅಳತೆಯಲ್ಲಿದೆ. ಪ್ರಸಿದ್ಧವಾದ ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲಿ ತಂತಿಯ ನುಡಿಯುವ ಉದ್ದ 25.5 ಅಂಗುಲ. ಹನ್ನೆರಡನೆಯ ಮೆಟ್ಟಿಲು ಈ ಉದ್ದದ ಸರಿಯಾಗಿ ಅರ್ಧಕ್ಕೆ ಬರಬೇಕು; ಉಳಿದವು ಲೆಕ್ಕಾಚಾರದಂತೆ ಕ್ರಮವಾಗಿ ಹತ್ತಿರ ಹತ್ತಿರವಾಗುತ್ತ ಹೋಗಬೇಕು. ಕೂದಲೆಳೆಯಷ್ಟು ತಪ್ಪಿದರೂ ಕಿವಿ ಅದನ್ನು ಮನ್ನಿಸದು. ಈ ಸೂಕ್ಷ್ಮವೆಲ್ಲ ಮೆಟ್ಟಿಲುಗಳನ್ನು ಹೊತ್ತ ದಂಡಿಗೆ ಸೇರಿದುದು. ಒಡಲು ಅಷ್ಟು ನಿಷ್ಠುರವಲ್ಲ. ದಂಡಿ ಕೂರುವ ಕುಳಿ ಸಡಿಲವಿಲ್ಲದೆ ನೆಟ್ಟಗಿದ್ದು, ತಂತಿಗಳನ್ನು ಹೊರುವ ಕುದುರೆ ಅದರ ನೇರಕ್ಕೆ, ತಕ್ಕ ದೂರದಲ್ಲಿ ನಿಂತರೆ, ಅಂಚಿನ ಬಾಗಿನಲ್ಲಿ ಕೈ ತುಸು ತಪ್ಪಿದರೂ ವಾದ್ಯ ಕೆಡುವುದಿಲ್ಲ. ಆದುದರಿಂದ ಹೊಸಬನು ಒಡಲನ್ನು ತಾನು ಮಾಡಿಕೊಂಡು ದಂಡಿಯನ್ನು ಕೊಂಡರೆ ಅದು ಹೇಡಿತನವಲ್ಲ, ವಿವೇಕ.

ಎರಡನ್ನೂ ಮಾಡಲು ಹೊರಟವರೂ ಇದ್ದಾರೆ. 1963ರಲ್ಲಿ ಲಂಡನ್ನಿನ ಹೊರವಲಯದ ಫೆಲ್ಥಮ್‌ನಲ್ಲಿ ಬ್ರಯಾನ್ ಮೇ ಎಂಬ 16 ವರ್ಷದ ಹುಡುಗನಿಗೆ ಸ್ಟ್ರಾಟೊಕಾಸ್ಟರ್ ಬೇಕಾಗಿತ್ತು. ಅದನ್ನು ಕೊಳ್ಳುವ ಶಕ್ತಿ ಮನೆಗಿರಲಿಲ್ಲ. ತಂದೆ ಹೆರಾಲ್ಡ್ ಅವರು ಎಲೆಕ್ಟ್ರಾನಿಕ್ಸ್ ಬಲ್ಲ ಎಂಜಿನಿಯರ್. ಮನೆಯ ಟೆಲಿವಿಷನ್ನನ್ನು ತಾವೇ ಜೋಡಿಸಿದ್ದವರು. ತಂದೆ ಮಗ ಇಬ್ಬರೂ ಸೇರಿ ಸುಮಾರು ಎರಡು ವರ್ಷ ದುಡಿದರು. ಯಾರೋ ಎಸೆಯಲಿದ್ದ ನೂರು ವರ್ಷ ಹಳೆಯ ಅಗ್ಗಿಷ್ಟಿಕೆಯ ಮಹಾಗನಿ ಚೌಕಟ್ಟು ದಂಡಿಯಾಯಿತು; ಅದರಲ್ಲಿ ಹುಳು ಕೊರೆದಿದ್ದ ತೂತುಗಳಿಗೆ ಬೆಂಕಿಕಡ್ಡಿ ತುಂಬಿದರು. ಹಳೆಯ ಮೇಜಿನ ಓಕ್ ಮರ ಒಡಲಿನ ನಡುವಿಗೆ ಬಂತು. 1928ರ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು ತಂತಿಯ ಬಿಗಿತವನ್ನು ಸರಿದೂಗಿಸಿದುವು. ತಾಯಿಯ ಹೊಲಿಗೆಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು ಮೆಟ್ಟಿಲುಗಳ ನಡುವೆ ಗುರುತುಗಳಾದುವು. ಒಟ್ಟು ತಗುಲಿದ ವೆಚ್ಚ ಸುಮಾರು 8 ಪೌಂಡ್.

ಆದರೆ ಆ ಮನೆಯಲ್ಲಿಯೂ ಎಲ್ಲವನ್ನೂ ಮಾಡಲಾಗಲಿಲ್ಲ. ಬ್ರಯಾನ್ ಪಿಕಪ್ಪುಗಳನ್ನೂ ತಾನೇ ಸುತ್ತಿದ್ದ. ಸ್ವರವೇನೋ ಚೆನ್ನಾಗಿತ್ತು, ಆದರೆ ತಂತಿಯನ್ನು ಅಡ್ಡಕ್ಕೆ ಎಳೆದು ನುಡಿಸಿದಾಗ, ಅದು ಒಂದು ಆಯಸ್ಕಾಂತದ ಮೇಲಿನಿಂದ ಇನ್ನೊಂದರ ಮೇಲಕ್ಕೆ ಜರುಗುತ್ತಲೇ ಕರ್ಕಶ ಸದ್ದು ಹೊರಡುತ್ತಿತ್ತು. ಕೊನೆಗೆ ಬರ್ನ್ಸ್ ಕಂಪನಿಯ ಮೂರು ಪಿಕಪ್ಪುಗಳನ್ನು ಕೊಂಡು ತಂದ. ಕಟ್ಟುವವನಿಗೆ ಎಲ್ಲಿ ಕೈ ನಿಲ್ಲಿಸಬೇಕೆಂಬುದೂ ತಿಳಿದಿರಬೇಕು.

ಈ ವಾದ್ಯಕ್ಕೆ ತೆತ್ತ ನಿಜವಾದ ಬೆಲೆ ಮಾತ್ರ ಆ 8 ಪೌಂಡಿನ ಲೆಕ್ಕದಲ್ಲಿ ಸೇರಿಲ್ಲ. ಮಗ ಭೌತವಿಜ್ಞಾನ ಓದಿ, ಡಾಕ್ಟರೇಟಿನ ಸಂಶೋಧನೆಗೆ ತೊಡಗಿ, ಅದನ್ನು ಅರ್ಧದಲ್ಲಿ ಬಿಟ್ಟು ಕ್ವೀನ್ ಎಂಬ ವಾದ್ಯವೃಂದದಲ್ಲಿಯೇ ನೆಲೆನಿಂತ. ತಂದೆಗೆ ಇದು ತುಂಬ ನೋವನ್ನುಂಟುಮಾಡಿತು. ತಮ್ಮ ಕೈಯಾರೆ ರೂಪಿಸಿದ ಮರವೇ, ತಾವು ಹಾಕಿಕೊಟ್ಟ ದಾರಿಯಿಂದ ಮಗನನ್ನು ಎಳೆದೊಯ್ದುದನ್ನು ಯಾವ ತಂದೆಯ ಮನಸ್ಸು ಸುಲಭವಾಗಿ ಒಪ್ಪೀತು? ಮುಂದೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಕಿಕ್ಕಿರಿದ ಸಭೆಯೆದುರು ಮಗ ಅದೇ ಗಿಟಾರನ್ನು ನುಡಿಸಿದುದನ್ನು ಕಣ್ಣಾರೆ ಕಂಡ ಮೇಲೆ ಅವರ ಮನಸ್ಸು ತಿಳಿಯಾಯಿತು. 2002ರಲ್ಲಿ ಅದೇ ವಾದ್ಯ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನುಡಿಯಿತು. 2007ರಲ್ಲಿ ಬ್ರಯಾನ್ ಅವರು ಬಿಟ್ಟಿದ್ದ ಸಂಶೋಧನೆಯನ್ನೂ ಮುಗಿಸಿ ಡಾಕ್ಟರೇಟ್ ಪಡೆದರು. ಅದನ್ನು ನೋಡಲು ತಂದೆ ಬದುಕಿರಲಿಲ್ಲ.

ಕೊಂಡವರ ಪಕ್ಷವನ್ನೂ ಕೇಳಬೇಕಷ್ಟೆ. ಅಮೆರಿಕದ ಎಡ್ವರ್ಡ್ ವ್ಯಾನ್ ಹೇಲನ್ ಅವರು ಲೋಪವಿದೆಯೆಂದು ಬದಿಗಿರಿಸಿದ್ದ ಒಡಲೊಂದನ್ನು 50 ಡಾಲರಿಗೂ, ದಂಡಿಯನ್ನು 80 ಡಾಲರಿಗೂ ಕೊಂಡರು. ತಮಗೆ ಬೇಕಾದ ಪಿಕಪ್ ಅದರಲ್ಲಿ ಹಿಡಿಸದಾಗ ಉಳಿಯಿಂದ ಕುಳಿಯನ್ನು ಅಗಲಿಸಿದರು. ಪಿಕಪ್ಪಿನ ಕಿರುಚಾಟ ನಿಲ್ಲಲೆಂದು ಅದನ್ನು ಕರಗಿಸಿದ ಮೇಣದಲ್ಲಿ ಅದ್ದಿದರು. 1978ರಲ್ಲಿ ಅವರ ವೃಂದದ ಮೊದಲನೆಯ ಧ್ವನಿಮುದ್ರಿಕೆ ಹೊರಬಂದಾಗ, ಈ ಜೋಡಣೆಯ ವಾದ್ಯದ ಸ್ವರವನ್ನು ಕೇಳಿ ಗಿಟಾರ್ ಲೋಕ ಬೆರಗಾಯಿತು. ಒಡಲನ್ನು ಕೊಂಡುದರಿಂದ ಅದು ಅವರದಲ್ಲವೆಂದು ಹೇಳಲು ಯಾರಿಗೂ ಬಾಯಿ ಬರಲಾರದು.

ಆದುದರಿಂದ ತರುಣನು ಕೇಳಿಕೊಳ್ಳಬೇಕಾದುದು ಅಗ್ಗ ಯಾವುದೆಂದಲ್ಲ. ಒಣಗಿದ ಒಳ್ಳೆಯ ಮರ, ಹರಿತವಾದ ಸಲಕರಣೆ, ಹಾಳಾಗುವ ಮೊದಲ ಹಲಗೆ, ಇವುಗಳ ಬೆಲೆ ಕೂಡಿಸಿದರೆ ಅನೇಕ ವೇಳೆ ಕೊಳ್ಳುವುದೇ ಅಗ್ಗ. ಬೇಗನೆ ನುಡಿಸಬೇಕೆಂಬ ಆಸೆಯಿದ್ದವನು ಕೊಳ್ಳಲಿ; ಉಳಿಸಿದ ದಿನಗಳನ್ನು ಸಾಧನೆಗೆ ಕೊಡಲಿ. ಮರದ ಮುಂದೆ ಕೂರುವುದೇ ಸುಖವೆನಿಸಿದವನು, ಪಕ್ಕದಲ್ಲಿ ಉಳಿ ಹಿಡಿದು ತೋರಿಸುವ ಹಿರಿಯರೂ ಇದ್ದರೆ, ಕಟ್ಟಲಿ. ಮುಂದೆ ಬೇಕೆನಿಸಿದಾಗ ಅಂಗಡಿ ಅಲ್ಲಿಯೇ ಇರುತ್ತದೆ; ಆ ಹಿರಿಯರು ಇರುತ್ತಾರೆಂಬ ಭರವಸೆಯಿಲ್ಲ.