ಬಳಿ ತಾಯಿಯದು, ಸಹಿ ಗಂಡನದು

"ಗಂಡ ಇಲ್ದೆ ಮಗು ಎಂತಕೆ ಮಾರಾಯ್ತಿ?" ಎಂದು ಕೇಳುವ ಕುಂದಾಪುರದವರಿಗೆ ನನ್ನದೂ ಒಂದು ಪ್ರಶ್ನೆಯಿದೆ: ನಿಮ್ಮ ಬಳಿ ಯಾವುದು? ಬಂಟರು, ಮೊಗವೀರರು, ಬಿಲ್ಲವರು ಇವತ್ತಿಗೂ ಮದುವೆ ಮಾತುಕತೆಗೆ ಕೂತರೆ ಅದನ್ನು ವಿಚಾರಿಸದೆ ಏಳುವುದಿಲ್ಲ. ಆ ಬಳಿ ಬರುವುದು ತಾಯಿಯಿಂದ. ಮದ್ರಾಸ್ ಸರ್ಕಾರ 1949ರಲ್ಲಿ ಅಳಿಯಸಂತಾನಕ್ಕೆಂದೇ ಒಂದು ಕಾಯ್ದೆ ಮಾಡಬೇಕಾಗಿ ಬಂದಷ್ಟು ಗಟ್ಟಿಯಾಗಿತ್ತು ಈ ತಾಯಿಮೂಲದ ಲೆಕ್ಕ. ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಆಸ್ತಿ ಹೆಣ್ಣಿನ ಕಡೆಯಿಂದ ಹರಿದರೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನದೇ. ಆದರೆ ಅಪ್ಪನ ಹೆಸರಿಲ್ಲದಿದ್ದರೆ ಮಗುವಿಗೆ ಗುರುತೇ ಇಲ್ಲ ಎಂಬ ಮಾತನ್ನು ಪರಂಪರೆಯ ಹೆಸರಲ್ಲಿ ಹೇಳಬೇಡಿ.

ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಷ್ಟೋ ಮನೆಗಳಲ್ಲಿ ಅಪ್ಪ ಅಂದರೆ ಮುಂಬೈ ಹೋಟೆಲಿನಿಂದ ವರ್ಷಕ್ಕೊಮ್ಮೆ ಬರುವವನು, ಇಲ್ಲವೇ ಗಂಗೊಳ್ಳಿಯ ಬೋಟಿನಲ್ಲಿ ಇರುವವನು. ದುಡ್ಡು ಬರುತ್ತಿತ್ತು, ನಿಜ. ಜ್ವರಕ್ಕೆ ಎದ್ದವಳು, ಶಾಲೆಗೆ ಓಡಿದವಳು ಅಮ್ಮ, ಅಥವಾ ಅಜ್ಜಿ. ಆಗ ಯಾರೂ ಮಗುವಿನ ಮನಸ್ಸಿನ ಬಗ್ಗೆ ಚಿಂತೆ ಮಾಡಲಿಲ್ಲ. ಗೋಡೆಯ ಮೇಲೆ ಮದುವೆ ಫೋಟೊ ಇದ್ದರೆ ಸಾಕಿತ್ತು.

ನನಗೀಗ ಇಪ್ಪತ್ತೆಂಟು. ಪಿಎಚ್‌.ಡಿ. ಮಾಡುತ್ತಿದ್ದೇನೆ. ಮದುವೆ ಬೇಡ, ಮಗು ಬೇಕು. ಕಳೆದ ವರ್ಷ ಒಂದು ಫರ್ಟಿಲಿಟಿ ಕ್ಲಿನಿಕ್ಕಿನಲ್ಲಿ ವಿಚಾರಿಸಲು ಹೋದಾಗ ಕೌಂಟರಿನಲ್ಲಿದ್ದವರು ಗಂಡನ ಸಹಿಯ ಜಾಗ ತೋರಿಸಿ, "ಇದು ಖಾಲಿ ಇದ್ದರೆ ಫೈಲ್ ತೆರೆಯಲು ಆಗುವುದಿಲ್ಲ" ಎಂದರು. ನಟಿ ಭಾವನಾ ರಾಮಣ್ಣ 2025ರ ಜುಲೈನಲ್ಲಿ, ತಾನು ಐವಿಎಫ್ ಮೂಲಕ ಆರು ತಿಂಗಳ ಗರ್ಭಿಣಿ, ಮದುವೆಯಾಗಿಲ್ಲ ಎಂದು ಹೇಳಿದಾಗ, ಹಲವು ಕ್ಲಿನಿಕ್ಕುಗಳು ತನ್ನನ್ನು ವಾಪಸ್ ಕಳಿಸಿದ್ದನ್ನೂ ಹೇಳಿಕೊಂಡರು. ಹೆಸರುವಾಸಿ ನಟಿಯ ಪಾಡೇ ಇದಾದರೆ ಉಳಿದವರ ಗತಿ ಊಹಿಸಿ.

ಕಾನೂನು ಹೇಳುವುದೇ ಬೇರೆ. ನೆರವಿನ ಸಂತಾನೋತ್ಪತ್ತಿಯ 2021ರ ಕಾಯ್ದೆ 21ರಿಂದ 50 ವರ್ಷದ ಹೆಣ್ಣಿಗೆ ಈ ಸೇವೆ ಪಡೆಯಲು ಅವಕಾಶ ಕೊಟ್ಟಿದೆ, ಮದುವೆಯ ಷರತ್ತಿಲ್ಲದೆ. ಅದೇ ವರ್ಷದ ಬಾಡಿಗೆ ತಾಯ್ತನದ ಕಾಯ್ದೆ ಮಾತ್ರ ಒಂಟಿ ಹೆಣ್ಣುಗಳಲ್ಲಿ ವಿಧವೆ ಮತ್ತು ವಿಚ್ಛೇದಿತೆಗಷ್ಟೇ ಬಾಗಿಲು ತೆರೆಯುತ್ತದೆ, 35ರಿಂದ 45ರೊಳಗೆ. ಅಂದರೆ ಒಮ್ಮೆ ಮದುವೆಯಾಗಿ ಅದು ಮುರಿದಿರಬೇಕು, ಇಲ್ಲವೇ ಗಂಡ ಸತ್ತಿರಬೇಕು. ಮಗುವಿನ ಹಿತ ಇದರಲ್ಲೆಲ್ಲಿದೆ? ಎರಡೂ ಮನೆಗಳಲ್ಲಿ ಅಪ್ಪ ಇಲ್ಲ. ಒಂದರಲ್ಲಿ ಅವಳು ಒಮ್ಮೆ ಅನುಮತಿ ಪಡೆದಿದ್ದಳು, ಇನ್ನೊಂದರಲ್ಲಿ ಇಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಪ್ರಗತಿಪರ ಗೆಳೆಯರ ಸಲಹೆ: "ಅಷ್ಟು ಆಸೆಯಿದ್ದರೆ ಅನಾಥ ಮಗುವನ್ನು ದತ್ತು ತಗೊಳ್ಳಿ." ಮದುವೆಯಾದ ಜೋಡಿಗೆ ಇದನ್ನು ಯಾರೂ ಇಷ್ಟು ಸಲೀಸಾಗಿ ಹೇಳುವುದಿಲ್ಲ. ಅವರ ಮಗು ಸಹಜ, ನನ್ನದು ಸಮಾಜಸೇವೆಯಾಗಿರಬೇಕು! ದತ್ತು ಪುಣ್ಯಕಾರ್ಯವಲ್ಲ. ನನಗೆ ಎರಡು ದಾರಿಯೂ ಬೇಕು, ಯಾವುದು ಮೊದಲು ತೆರೆದರೆ ಅದು.

ದತ್ತಿನ ಇತಿಹಾಸವೂ ತಮಾಷೆಯದು. 1956ರ ಹಿಂದೂ ದತ್ತಕ ಕಾಯ್ದೆ ಅವಿವಾಹಿತೆಗೆ ದತ್ತು ಪಡೆಯುವ ಹಕ್ಕು ಕೊಟ್ಟಿತ್ತು. ಗಂಡನೊಂದಿಗೆ ಬಾಳುವ ಹೆಣ್ಣಿಗೆ ತಾನಾಗಿ ದತ್ತು ಪಡೆಯುವ ಹಕ್ಕು, ಅದೂ ಗಂಡನ ಒಪ್ಪಿಗೆಯೊಡನೆ, ಸಿಕ್ಕಿದ್ದು 2010ರ ತಿದ್ದುಪಡಿಯಲ್ಲಿ. ಈ ಒಂದು ವಿಷಯದಲ್ಲಿ ಮದುವೆಯಾಗದವಳೇ ಐವತ್ತು ವರ್ಷಕ್ಕೂ ಹೆಚ್ಚು ಮುಂದಿದ್ದಳು. ಈಗಿನ ನಿಯಮದಲ್ಲೂ ಒಂಟಿ ಹೆಣ್ಣು ಗಂಡನ್ನೋ ಹೆಣ್ಣನ್ನೋ ದತ್ತು ಪಡೆಯಬಹುದು. ಒಂಟಿ ಗಂಡಸಿಗೆ ಹೆಣ್ಣುಮಗು ಇಲ್ಲ. ಅಪ್ಪನ ಹೆಸರು ಎಲ್ಲೆಲ್ಲೂ ಕಡ್ಡಾಯ ಅನ್ನುವವರು 2015ರ ಸುಪ್ರೀಂ ಕೋರ್ಟ್ ತೀರ್ಪನ್ನು ನೋಡಬೇಕು: ಅವಿವಾಹಿತ ತಾಯಿ ಮಗುವಿನ ಪೋಷಕಿಯಾಗಲು ತಂದೆಯ ಹೆಸರು ಹೇಳಬೇಕಾಗಿಲ್ಲ.

ಹಾಗಂತ ಸುಲಭವಲ್ಲ. ದಾನಿಯ ಗುರುತನ್ನು ಗುಟ್ಟಾಗಿಡುವ ಕಾನೂನಿನಡಿ ಹುಟ್ಟಿದ ಮಗು ಹದಿನಾರಕ್ಕೆ ಏನು ಕೇಳೀತು ಎಂಬುದು ನನ್ನನ್ನು ಕಾಡುತ್ತದೆ. ಐವಿಎಫ್‌ನ ಒಂದೊಂದು ಸುತ್ತಿಗೆ ಲಕ್ಷಗಟ್ಟಲೆ ಬೇಕು, ನನ್ನ ಫೆಲೋಶಿಪ್ 37,000 ರೂಪಾಯಿ. ಇವು ನಿಜವಾದ ಪ್ರಶ್ನೆಗಳು, ಆದರೆ ಗಂಡನಿಲ್ಲದ ಪ್ರಶ್ನೆಯ ಗದ್ದಲದಲ್ಲಿ ಯಾರೂ ಇವನ್ನು ಕೇಳುವುದಿಲ್ಲ.

ಸದ್ಯಕ್ಕೆ ದತ್ತು ನೋಂದಣಿಗೆ ಕಾಗದ ಹೊಂದಿಸುತ್ತಿದ್ದೇನೆ. ತಾಯಿ-ಮಗುವಿನ ನಡುವೆ ಕನಿಷ್ಠ 25 ವರ್ಷ ಅಂತರ ಬೇಕಾದ್ದರಿಂದ ನನಗೆ ಇವತ್ತು ಮೂರು ವರ್ಷದೊಳಗಿನ ಮಗು ಮಾತ್ರ. ಸರದಿ ವರ್ಷಗಟ್ಟಲೆ. ಬರುವಷ್ಟರಲ್ಲಿ ಪ್ರಬಂಧ ಮುಗಿದಿರುತ್ತದೆ, ವಯಸ್ಸಿನ ಲೆಕ್ಕವೂ ಸ್ವಲ್ಪ ಸಡಿಲವಾಗಿರುತ್ತದೆ.